ಉಕ್ಕಿನ ಸವೆತ ಹುಡುಕುವ ರೋಬೋಟ್‌ಗಳು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಯಿತು. ಗೇಟು ಕೊಚ್ಚಿಹೋಯಿತು. ಮುನಿರಾಬಾದಿನಿಂದ ಸಿಂಧನೂರಿನವರೆಗೆ ಭತ್ತ ನೆಚ್ಚಿಕೊಂಡವರಿಗೆ ಆ ವಾರವೆಲ್ಲ ನಿದ್ದೆ ಇರಲಿಲ್ಲ. ಅಂದಿನಿಂದ ಕೊಪ್ಪಳದ ನಮ್ಮನ್ನೆಲ್ಲ ಒಂದು ಪ್ರಶ್ನೆ ಕಾಡುತ್ತಿದೆ. ನೀರು ಖಾಲಿ ಮಾಡದೆ, ಕೆಲಸ ನಿಲ್ಲಿಸದೆ, ಉಕ್ಕು ಎಷ್ಟು ಸವೆದಿದೆ ಅಂತ ತಿಳಿಯೋದು ಹೇಗೆ?

ಈ ಪ್ರಶ್ನೆಗೆ ಪೆಟ್ರೋಲಿಯಂ ಉದ್ಯಮ ಬಹಳ ಹಿಂದೆಯೇ ತಲೆ ಕೆಡಿಸಿಕೊಂಡಿದೆ. ನೆಲದಡಿ ನೂರಾರು ಕಿಲೋಮೀಟರ್ ಪೈಪು. ಎಣ್ಣೆ ಹರಿಯುತ್ತಲೇ ಇರಬೇಕು. ಹಾಗಾಗಿ ಪೈಪಿನೊಳಗೇ ಒಂದು ಯಂತ್ರವನ್ನು ಬಿಡುತ್ತಾರೆ. ಅದರ ಹೆಸರು ಪಿಗ್. ಎಣ್ಣೆಯ ಒತ್ತಡವೇ ಅದನ್ನು ಮುಂದೆ ತಳ್ಳುತ್ತದೆ. ಅದರ ಮೈಮೇಲಿನ ಬಲವಾದ ಆಯಸ್ಕಾಂತಗಳು ಪೈಪಿನ ಗೋಡೆಗೆ ಕಾಂತಶಕ್ತಿ ತುಂಬುತ್ತವೆ. ಗೋಡೆ ಗಟ್ಟಿಯಿದ್ದರೆ ಆ ಶಕ್ತಿ ಉಕ್ಕಿನೊಳಗೇ ಸಾಗುತ್ತದೆ. ತುಕ್ಕು ತಿಂದಿದ್ದರೆ, ದಂಡೆ ತಗ್ಗಾದ ಕಡೆ ಕಾಲುವೆ ನೀರು ಉಕ್ಕುವ ಹಾಗೆ, ಅಲ್ಲಿ ಹೊರಗೆ ಚೆಲ್ಲುತ್ತದೆ. ಸೆನ್ಸರ್‌ಗಳು ಅದನ್ನು ಹಿಡಿದು ಜಾಗದ ಸಮೇತ ದಾಖಲಿಸುತ್ತವೆ. ನಮ್ಮ ದೇಶದಲ್ಲೂ ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ಇಂಡಿಯನ್ ಆಯಿಲ್ ಸೇರಿ ಇಂಥ ಪಿಗ್ ತಯಾರಿಸಿವೆ.

ಇನ್ನೊಂದು ದಾರಿ ಶಬ್ದದ್ದು. ನಮ್ಮ ಕಿವಿಗೆ ಕೇಳದಷ್ಟು ತೀಕ್ಷ್ಣವಾದ ಶಬ್ದ ಅದು. ಉಕ್ಕಿನಲ್ಲಿ ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತದೆ. 10 ಮಿಲಿಮೀಟರ್ ದಪ್ಪದ ಗೋಡೆಯ ಆಚೆ ಬದಿಗೆ ಬಡಿದು ವಾಪಸ್ ಬರಲು ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಅದರಲ್ಲಿ 3.4 ಭಾಗದಷ್ಟು ಹೊತ್ತು ಸಾಕು. ಅದಕ್ಕಿಂತ ಬೇಗ ಬಂತಾ? ಗೋಡೆ ತೆಳ್ಳಗಾಗಿದೆ ಅಂತಲೇ ಅರ್ಥ.

ಯಂತ್ರ ಇದ್ದರಷ್ಟೇ ಸಾಲದು, ಬಳಸಬೇಕು. 2006ರ ಮಾರ್ಚ್‌ನಲ್ಲಿ ಅಮೆರಿಕದ ಅಲಾಸ್ಕಾದಲ್ಲಿರುವ ಪ್ರುಡೋ ಬೇ ಎಣ್ಣೆ ಕ್ಷೇತ್ರದಲ್ಲಿ ಒಳಗಿಂದ ತುಕ್ಕು ತಿಂದ ಪೈಪಿನ ಸಣ್ಣ ತೂತಿನಿಂದ 2 ಲಕ್ಷ ಗ್ಯಾಲನ್‌ಗೂ ಜಾಸ್ತಿ ಕಚ್ಚಾ ಎಣ್ಣೆ ಸೋರಿತು. ಆ ಪೈಪಿನಲ್ಲಿ 1998ರ ನಂತರ ಇಂಥ ಪಿಗ್ ಓಡಿಸಿರಲೇ ಇಲ್ಲ. ಎಂಟು ವರ್ಷ! ಓದಿದಾಗ ನನಗೆ ಸಿಟ್ಟೇ ಬಂತು.

ಚೈನಿನ ಕೊಂಡಿಯೊಳಗೆ ಪಿಗ್ ಬಿಡಲು ಆಗುವುದಿಲ್ಲ, ನಿಜ. ಆದರೆ ಅದೇ ಶಬ್ದ, ಅದೇ ಆಯಸ್ಕಾಂತ ಇಲ್ಲೂ ಕೆಲಸಕ್ಕೆ ಬರುತ್ತವೆ. ಐಐಟಿ ಮದ್ರಾಸಿನಲ್ಲಿ ಹುಟ್ಟಿದ ಪ್ಲಾನಿಸ್ ಕಂಪನಿ ನೀರಿನೊಳಗೆ ಮುಳುಗಿ ಪರೀಕ್ಷೆ ಮಾಡುವ ರೋಬೋಟ್‌ಗಳನ್ನೇ ತಯಾರಿಸುತ್ತದೆ. ಒಂದು ಸಲ ಅಳೆದರೆ ಇವತ್ತಿನ ದಪ್ಪ ಮಾತ್ರ ಗೊತ್ತಾಗುತ್ತದೆ. ಕೆಲವು ವರ್ಷ ಬಿಟ್ಟು ಮತ್ತೆ ಅಳೆದರೆ ಸವೆತದ ವೇಗ ಗೊತ್ತಾಗುತ್ತದೆ. ಹಾಗಾಗಿ ಡ್ಯಾಮಿಗೆ ಹೊಸ ಗೇಟು ಕೂರಿಸುವ ದಿನವೇ ಪ್ರತಿ ತಗಡು, ಪ್ರತಿ ಕೊಂಡಿಯ ಅಳತೆ ಬರೆದಿಡಬೇಕು. ಆ ಲೆಕ್ಕ ಗಂಗಾವತಿಯ ರೈತರಿಗೂ ನೋಡಲು ಸಿಗಬೇಕು.