ಎಲ್ಲರೂ ಓಡಿದರು, ಇಕ್ಸ್ ನಡೆದ

1969ರ ಜೂನ್ 14. ಫ್ರಾನ್ಸಿನ ಲೆ ಮಾನ್‌ನಲ್ಲಿ 24 ಗಂಟೆಯ ಕಾರ್ ರೇಸ್ ಶುರುವಾಗುವ ಹೊತ್ತು. ರಸ್ತೆಯ ಒಂದು ಬದಿಯಲ್ಲಿ ಕಾರುಗಳು ಓರೆಯಾಗಿ ಸಾಲುಗಟ್ಟಿವೆ. ಎದುರು ಬದಿಯಲ್ಲಿ ಡ್ರೈವರ್‌ಗಳು. ಬಾವುಟ ಬೀಸಿದ್ದೇ ತಡ, ಎಲ್ಲರೂ ಎದ್ದೂ ಬಿದ್ದೂ ಓಡಿದರು. ಬೆಲ್ಜಿಯಂನ 24 ವರ್ಷದ ಜಾಕಿ ಇಕ್ಸ್ ಮಾತ್ರ ಸಂತೆಗೆ ಹೊರಟವನ ಹಾಗೆ ನಡೆದುಕೊಂಡು ಹೋದ. ಕಾರಲ್ಲಿ ಕೂತು ಬೆಲ್ಟ್ ಬಿಗಿದುಕೊಂಡ. ಅಷ್ಟರಲ್ಲಿ ಉಳಿದವರೆಲ್ಲ ಹೊರಟಾಗಿತ್ತು.

ಇದು ಸುಮ್ನೆ ಹುಡುಗಾಟ ಆಗಿರಲಿಲ್ಲ.

ಈ ರೇಸ್ ಶುರುವಾಗಿದ್ದು 1923ರಲ್ಲಿ. ಓಡಿಹೋಗಿ ಕಾರು ಹತ್ತುವ ಪದ್ಧತಿ ಬಂದದ್ದು 1925ರಲ್ಲಿ. ಜನ ದಿನವೂ ಓಡಿಸುವ ಕಾರು ಎಷ್ಟು ಗಟ್ಟಿ ಅಂತ ನೋಡುವುದೇ ಆಗಿನ ಉದ್ದೇಶ. ಆ ವರ್ಷ ಕಾರಿನ ಮಡಚುವ ಚಾವಣಿಯನ್ನೂ ಎತ್ತಿ ಕಟ್ಟಿ ಹೊರಡಬೇಕಿತ್ತು! ಸೀಟ್ ಬೆಲ್ಟ್ ಆಗ ಇರಲೇ ಇಲ್ಲ. ಹಾಗಾಗಿ ಓಟದಿಂದ ತೊಂದರೆಯೂ ಕಾಣಲಿಲ್ಲ. ನೋಡುವವರಿಗಂತೂ ಹಬ್ಬ. ಪೋರ್ಷೆ ಕಾರಿನ ಕೀ ಎಡಗಡೆ ಇರುವುದೂ ಇದೇ ಕಾರಣಕ್ಕೆ ಅನ್ನುತ್ತಾರೆ: ಎಡಗೈ ಕೀ ತಿರುಗಿಸುವಾಗ ಬಲಗೈ ಗೇರ್ ಹಾಕಬಹುದು ಅಲ್ವಾ?

1955ರಲ್ಲಿ ಪಿಯರ್ ಲೆವೆ ಓಡಿಸುತ್ತಿದ್ದ ಮರ್ಸಿಡಿಸ್ ಹಾರಿ, ಅದರ ಚೂರುಗಳು ಜನರ ಮೇಲೆರಗಿ 80ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಪಿಟ್‌ಗಳನ್ನು, ಅಂದರೆ ರೇಸ್ ನಡುವೆ ಕಾರುಗಳು ಪೆಟ್ರೋಲ್, ದುರಸ್ತಿಗೆ ನಿಲ್ಲುವ ಕಟ್ಟೆಗಳನ್ನು, ಒಡೆದು ಕಟ್ಟಿದರು, ರಸ್ತೆ ಅಗಲ ಮಾಡಿದರು. ಓಟದ ಆಟವನ್ನು ಮಾತ್ರ ಮುಟ್ಟಲಿಲ್ಲ. ದುರಂತಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ, ನಿಜ. ಆದರೂ ಅಷ್ಟು ಚಂದದ ನೋಟವನ್ನು ಬಿಡಲು ಯಾರಿಗೂ ಮನಸ್ಸಿರಲಿಲ್ಲ ಅಂತಲೇ ನನಗನ್ನಿಸುತ್ತದೆ.

1960ರ ದಶಕದಲ್ಲಿ ಬೆಲ್ಟ್ ಬಂತು, ಫಜೀತಿಯೂ ಶುರುವಾಯಿತು. ರೇಸ್ ಕಾರಿನ ಬೆಲ್ಟ್ ಒಂದೇ ಪಟ್ಟಿಯದಲ್ಲ. ಹೆಗಲು, ಸೊಂಟ ಎಲ್ಲಾ ಬಿಗಿಯಬೇಕು. ಅದಕ್ಕೆ ಸಮಯ ಕೊಟ್ಟರೆ ಓಡಿ ಬಂದದ್ದೇ ದಂಡ. ಹಾಗಾಗಿ ಕೆಲವರು ಬೆಲ್ಟ್ ಹಾಕದೆಯೇ ಹೊರಡುತ್ತಿದ್ದರು. ರೇಸ್ ದಾರಿಯಲ್ಲೇ ಬರುವ, ಮುಲ್ಸಾನ್ ಅನ್ನುವ ಸುಮಾರು 6 ಕಿ.ಮೀ. ನೇರ ಭಾಗದಲ್ಲಿ ಹಾಕಿಕೊಂಡರಾಯ್ತು ಅನ್ನುವ ಲೆಕ್ಕಾಚಾರ. ವೇಗ ಮಾತ್ರ ಗಂಟೆಗೆ 300 ಕಿ.ಮೀ. ಹತ್ತಿರ!

1968ರಲ್ಲಿ ಇಕ್ಸ್‌ನದೇ ದೇಶದ ವಿಲ್ಲಿ ಮೆರೆಸ್ ಅವಸರದಲ್ಲಿ ಬಾಗಿಲು ಸರಿಯಾಗಿ ಹಾಕಿಕೊಳ್ಳಲಿಲ್ಲ. ಮೊದಲ ಸುತ್ತಿನಲ್ಲೇ ಅದು ತೆರೆದುಕೊಂಡು ಕಾರು ಅಪಘಾತಕ್ಕೀಡಾಯಿತು. ಅವನ ರೇಸ್ ಬದುಕು ಅಲ್ಲಿಗೆ ಮುಗಿಯಿತು. ಮರುವರ್ಷ ಇಕ್ಸ್ ನಡೆದದ್ದು ಈ ಪದ್ಧತಿಯನ್ನು ವಿರೋಧಿಸಿ.

ಅವತ್ತೂ ಮೊದಲ ಸುತ್ತಿನಲ್ಲೇ ಜಾನ್ ವೂಲ್ಫ್ ಅನ್ನುವ ಬ್ರಿಟಿಷ್ ಡ್ರೈವರ್‌ನ ಪೋರ್ಷೆ 917 ಮೇಸಾಂ ಬ್ಲಾಂಶ್ ಅನ್ನುವ ತಿರುವಿನ ಬಳಿ ಅಪ್ಪಳಿಸಿತು. ಅವನು ಬೆಲ್ಟ್ ಹಾಕಿರಲಿಲ್ಲ. ಉಳಿಯಲಿಲ್ಲ.

ಕೊನೆಯವನಾಗಿ ಹೊರಟ ಇಕ್ಸ್, ಜೊತೆಗಾರ ಜಾಕಿ ಆಲಿವರ್ ಜೊತೆ ಫೋರ್ಡ್ ಜಿಟಿ40ಯಲ್ಲಿ ಗೆದ್ದೇ ಬಿಟ್ಟ. ಹತ್ತಿರ ಹತ್ತಿರ 5,000 ಕಿ.ಮೀ. ಓಡಿದ ಮೇಲೆ, ಹಿಂದಿದ್ದ ಹಾನ್ಸ್ ಹೆರ್ಮನ್‌ನ ಪೋರ್ಷೆಗೂ ಅವನಿಗೂ ಇದ್ದ ಅಂತರ ಸುಮಾರು 120 ಮೀಟರ್. ಆರಂಭದಲ್ಲಿ ನಡೆದು ಕಳೆದುಕೊಂಡ ಸೆಕೆಂಡುಗಳು ಲೆಕ್ಕಕ್ಕೇ ಬರಲಿಲ್ಲ.

ಮರುದಿನ ಪ್ಯಾರಿಸ್‌ಗೆ ಹೋಗುವಾಗ ಶಾರ್ತ್ರ್ ಹತ್ತಿರ ಇಕ್ಸ್‌ನ ಕಾರಿಗೆ ಇನ್ನೊಂದು ಕಾರು ಅಡ್ಡ ಬಂತು. ಅವನ ಕಾರು ಕಂಬಕ್ಕೆ ಬಡಿದು ನಜ್ಜುಗುಜ್ಜಾಯಿತು. ಇಕ್ಸ್ ಬೆಲ್ಟ್ ಬಿಚ್ಚಿ ಇಳಿದು ಬಂದ, ಏನೂ ಆಗಿರಲಿಲ್ಲ.

1970ರಲ್ಲಿ ಡ್ರೈವರ್‌ಗಳು ಬೆಲ್ಟ್ ಬಿಗಿದುಕೊಂಡು ಕಾರಲ್ಲೇ ಕೂತು ಹೊರಟರು. 1971ರಿಂದ ಚಲಿಸುತ್ತಲೇ ರೇಸ್ ಶುರು ಮಾಡುವ ಕ್ರಮ ಬಂತು. ಇವತ್ತಿಗೂ ರೇಸಿಗೆ ಮುಂಚೆ ಕಾರುಗಳನ್ನು ಹಳೆಯ ಹಾಗೆ ಓರೆಯಾಗಿಯೇ ನಿಲ್ಲಿಸುತ್ತಾರೆ, ನೋಡುವವರಿಗಾಗಿ.