ಮೂರು ಕೊಟೇಶನ್, ಮೂರು ಬೇರೆ ಮನೆ

ಗಂಡ ಹೆಂಡತಿ ಇಬ್ಬರೂ ಬಂದು, ತಮ್ಮ ಹೊಸ ಮನೆ ಕಟ್ಟಲು ಮೂವರು ಗುತ್ತಿಗೆದಾರರು ಬೆಲೆ ಹೇಳಿ ಬರೆದುಕೊಟ್ಟ ಮೂರು ಕೊಟೇಶನ್ ನನ್ನ ಮೇಜಿನ ಮೇಲೆ ಹರಡಿದರು. ಒಂದು ಎರಡು ಪುಟದ್ದು, ಇನ್ನೊಂದು ಹನ್ನೊಂದು ಪುಟದ್ದು, ಮೂರನೆಯದು ದಪ್ಪಗೆ ಬೈಂಡ್ ಮಾಡಿಸಿದ್ದು. “ಕಡಿಮೆ ಹೇಳಿದವರಿಗೇ ಕೊಟ್ಟುಬಿಡೋಣ ಅಂತಿದ್ದೀವಿ ಮೇಡಂ. ನೀವೊಂದು ಸಲ ನೋಡಿದ್ರೆ ನಮಗೂ ಧೈರ್ಯ” ಎಂದರು ಆಕೆ. ಎಲ್ಲಕ್ಕಿಂತ ಕಡಿಮೆ ಮೊತ್ತ ಇದ್ದದ್ದು ಆ ಎರಡು ಪುಟದಲ್ಲಿ.

ಕಟ್ಟಡಗಳ ಅಳತೆ ತೆಗೆದು ಖರ್ಚಿನ ಲೆಕ್ಕ ಹಾಕುವುದು ನನ್ನ ವೃತ್ತಿ. ಇಂಥ ಕಾಗದ ಮುಂದೆ ಬಂದಾಗ ನಾನು ಕೊನೆಯ ಸಾಲಿನ ಮೊತ್ತವನ್ನು ಒಂದು ಹಾಳೆಯಿಂದ ಮುಚ್ಚಿಟ್ಟು ಮೇಲಿನಿಂದ ಓದಲು ಶುರು ಮಾಡುತ್ತೇನೆ. ಮೂರು ಮೊತ್ತಗಳನ್ನು ಹೋಲಿಸಬೇಕಾದರೆ ಮೂವರೂ ಒಂದೇ ಮನೆಗೆ ಬೆಲೆ ಹೇಳಿರಬೇಕು. ನಮ್ಮ ಇಷ್ಟದಂತೆ ನಕ್ಷೆ ಬರೆಸಿ ಕಟ್ಟಿಸುವ ಮನೆಯಲ್ಲಿ ಅದು ತಾನಾಗಿ ಆಗುವುದಿಲ್ಲ. ಆ ಮನೆಯನ್ನು ಹಿಂದೆ ಯಾರೂ ಕಟ್ಟಿರುವುದಿಲ್ಲ. ನಕ್ಷೆಯಲ್ಲಿ ಹೇಳದೆ ಬಿಟ್ಟದ್ದನ್ನೆಲ್ಲ ಗುತ್ತಿಗೆದಾರರು ತಮ್ಮ ತಮ್ಮ ಅಂದಾಜಿನಿಂದ ತುಂಬಿಕೊಳ್ಳುತ್ತಾರೆ. ಒಬ್ಬರು ಧಾರಾಳವಾಗಿ, ಇನ್ನೊಬ್ಬರು ಬಿಗಿಯಾಗಿ, ಮತ್ತೊಬ್ಬರು ‘ಕೇಳಿದರೆ ಆಮೇಲೆ ನೋಡೋಣ’ ಎಂದು ಬಿಟ್ಟು.

ಆ ಸಂಜೆ ಒಂದು ದೊಡ್ಡ ಹಾಳೆಯಲ್ಲಿ ಗೆರೆ ಎಳೆದು ಕೂತೆವು. ಎಡಗಡೆ ಮನೆಯ ಕೆಲಸಗಳೆಲ್ಲ ಒಂದರ ಕೆಳಗೊಂದು: ನಿವೇಶನ ಹಸನು ಮಾಡುವುದು, ಪಾಯ ಅಗೆಯುವುದು, ಕಾಂಕ್ರೀಟ್, ಕಬ್ಬಿಣ, ಗೋಡೆ, ಗಾರೆ, ನೀರು ನಿರೋಧಕ ಲೇಪನ, ನೆಲ, ಬಾಗಿಲು ಕಿಟಕಿ, ವೈರಿಂಗ್, ನಲ್ಲಿ ಮತ್ತು ಚರಂಡಿ ಪೈಪು, ಬಣ್ಣ, ಕೊನೆಗೆ ಕಸ ಸಾಗಿಸುವುದು. ಬಲಗಡೆ ಮೂವರಿಗೆ ಮೂರು ಕಾಲಂ. ಕೊಟೇಶನ್ನಿನಲ್ಲಿ ಆ ಕೆಲಸ ಇದ್ದರೆ ಅಲ್ಲಿಯ ಮೊತ್ತ, ಇಲ್ಲದಿದ್ದರೆ ಖಾಲಿ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಡಿಮೆ ಮೊತ್ತದವರ ಕಾಲಮ್ಮಿನಲ್ಲಿ ಖಾಲಿ ಚೌಕಗಳು ಎದ್ದು ಕಾಣತೊಡಗಿದವು.

ಅವರ ಮೊತ್ತವನ್ನು 100 ಎಂದು ಇಟ್ಟುಕೊಳ್ಳಿ. ಎರಡನೆಯವರದು 111, ಮೂರನೆಯವರದು 124. ಮೊದಲನೆಯವರು ಪಾಯವನ್ನು ಒಂದು ನಿಗದಿತ ಆಳದವರೆಗೆ ಮಾತ್ರ ಹಿಡಿದಿದ್ದರು. ಮಣ್ಣಿನ ಪರೀಕ್ಷೆ ಹೇಳಿದ ಆಳಕ್ಕೆ ಹೋಗಲು ಇನ್ನೂ 4 ಬೇಕಿತ್ತು. ತಾರಸಿಗೂ ಬಚ್ಚಲಿಗೂ ನೀರು ನಿರೋಧಕ ಲೇಪನ ಇರಲಿಲ್ಲ, ಅದಕ್ಕೆ 3. ಬಣ್ಣದ ಕೆಲಸ ಪ್ರೈಮರ್ ಮತ್ತು ಒಂದೇ ಸಲ ಬಳಿಯುವುದಕ್ಕೆ ನಿಂತಿತ್ತು, ಅದಕ್ಕೆ 2. ಕಿಟಕಿ ಸರಳುಗಳಿಗೆ 2. ಹೊರಗಿನ ಚರಂಡಿ ಪೈಪು ಮತ್ತು ನೀರಿನ ತೊಟ್ಟಿಗೆ 5. ಟೈಲ್ಸ್ ಹಾಗೂ ಬಚ್ಚಲಿನ ಸಾಮಾನುಗಳಿಗೆ ಅವರು ಇಟ್ಟಿದ್ದ ಹಣ ಈ ದಂಪತಿ ಆಗಲೇ ಆರಿಸಿಟ್ಟಿದ್ದ ಸಾಮಾನಿಗೆ ಸಾಲುತ್ತಿರಲಿಲ್ಲ, ಅದಕ್ಕೆ 6. ಒಟ್ಟು 122. ಎರಡನೆಯವರಲ್ಲಿ ತೊಟ್ಟಿ ಬಿಟ್ಟಿತ್ತು, ಬಚ್ಚಲಿನ ಸಾಮಾನಿಗೆ ಸ್ವಲ್ಪ ಕಡಿಮೆ ಬಿದ್ದಿತ್ತು, ಸೇರಿಸಿದರೆ 116. ಮೂರನೆಯವರಲ್ಲಿ ಯಾವುದೂ ಬಿಟ್ಟಿರಲಿಲ್ಲ. ಬದಲಿಗೆ ಇವರು ಕೇಳದಿದ್ದ ಗೋಡೆ ಕಪಾಟುಗಳನ್ನು ಸೇರಿಸಿಕೊಂಡಿದ್ದರು. ಅದನ್ನು ತೆಗೆದರೆ 119. ಎಲ್ಲರಿಗಿಂತ ಅಗ್ಗ ಎಂದುಕೊಂಡವರು ಎಲ್ಲರಿಗಿಂತ ದುಬಾರಿಯಾದರು. ಆ ಗಂಡ ಬಹಳ ಹೊತ್ತು ಹಾಳೆಯನ್ನೇ ನೋಡುತ್ತಾ ಕೂತಿದ್ದರು.

ಮೇಸ್ತ್ರಿಗಳು ಗೋಡೆ ಏರಿಸುವಾಗ ರಸಮಟ್ಟ ಇಟ್ಟು ನೋಡುತ್ತಾರಲ್ಲ, ಈ ಹಾಳೆಯೂ ಅಂಥದ್ದೇ. ಮಟ್ಟ ಆಗುವ ಮುಂಚೆ ಯಾವ ಮೊತ್ತ ಎತ್ತರ, ಯಾವುದು ತಗ್ಗು ಎಂದು ಹೇಳಲಿಕ್ಕೆ ಬರುವುದಿಲ್ಲ. ಖಾಲಿ ಚೌಕಗಳಿಗೆ ನಿಮ್ಮದೇ ಊಹೆಯ ಮೊತ್ತ ಹಾಕಬೇಡಿ. ಆಯಾ ಗುತ್ತಿಗೆದಾರರಿಗೇ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಬಾಯಿಮಾತಿನ ‘ಅದೆಲ್ಲಾ ಸೇರಿದೆ’ ಎಂಬುದಕ್ಕೆ ಈ ಹಾಳೆಯಲ್ಲಿ ಜಾಗವಿಲ್ಲ.

ಚದರಡಿ ಲೆಕ್ಕದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಒಂದು ಚದರಡಿಗೆ ಇಷ್ಟು ಎಂಬ ದರ ಮೊದಲ ದಿನದ ಮಾತುಕತೆಗೆ ಸಾಕು, ಗುತ್ತಿಗೆ ಕೊಡಲು ಸಾಲದು. ಯಾವ ಚದರಡಿ ಎಂಬುದೇ ಮೊದಲ ಪ್ರಶ್ನೆ. ಗೋಡೆಯ ದಪ್ಪ ಸೇರಿತೇ? ಬಾಲ್ಕನಿ ಪೂರ್ತಿಯೋ ಅರ್ಧವೋ? ಮೆಟ್ಟಿಲ ಕೋಣೆ ಎರಡೂ ಅಂತಸ್ತಿನಲ್ಲಿ ಎಣಿಕೆಯಾಗುತ್ತದೆಯೇ? ದರ ಕಡಿಮೆ ಹೇಳಿ ಅಳತೆ ಹಿಗ್ಗಿಸಿದರೆ ಮೊತ್ತ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಅಳತೆ ಒಂದೇ ಇದ್ದರೂ ಮನೆ ಒಂದೇ ಅಲ್ಲ. 10 ಮೀಟರ್ ಉದ್ದ, 10 ಮೀಟರ್ ಅಗಲದ ಮನೆ 100 ಚದರ ಮೀಟರ್. ಅದರ ಹೊರಗೋಡೆಯ ಸುತ್ತಳತೆ 40 ಮೀಟರ್. 20 ಮೀಟರ್ ಉದ್ದ, 5 ಮೀಟರ್ ಅಗಲದ ಮನೆಯೂ 100 ಚದರ ಮೀಟರೇ. ಆದರೆ ಸುತ್ತಳತೆ 50. ಹೊರಗೋಡೆ, ಅದರ ಪಾಯ, ಎರಡೂ ಬದಿಯ ಗಾರೆ, ಬಣ್ಣ ಎಲ್ಲವೂ ಕಾಲು ಪಾಲು ಹೆಚ್ಚು. ಮೂಲೆಗಳು, ತಿರುವುಗಳು, ಎತ್ತರದ ಚಾವಣಿ ಇದ್ದಷ್ಟೂ ಇದು ಬೆಳೆಯುತ್ತದೆ. ಚದರಡಿ ದರಕ್ಕೆ ಇದಾವುದೂ ಕಾಣುವುದಿಲ್ಲ. ನಿಮ್ಮ ಮನೆ ಸರಳವಾಗಿದ್ದರೆ ಬೇರೆಯವರ ಮೂಲೆಗಳಿಗೆ ನೀವು ಹಣ ಕೊಡುತ್ತೀರಿ. ಮನೆ ಜಟಿಲವಾಗಿದ್ದರೆ ನಷ್ಟವಾಗುತ್ತಿದೆ ಎಂದು ಗುತ್ತಿಗೆದಾರರಿಗೆ ಮಧ್ಯದಲ್ಲಿ ಅರಿವಾಗುತ್ತದೆ. ಎರಡನೆಯದರ ಪರಿಣಾಮ ಇನ್ನೂ ಕೆಟ್ಟದ್ದು, ಏಕೆಂದರೆ ಆ ನಷ್ಟ ತುಂಬಿಕೊಳ್ಳಲು ಉಳಿದಿರುವ ಜಾಗ ನಿಮ್ಮ ಗೋಡೆಯೊಳಗೇ.

ಹಾಗಾಗಿ ಬೆಲೆ ಕೇಳುವ ಮೊದಲೇ ಪರಿಮಾಣ ಪಟ್ಟಿ ಮಾಡಿಸಿ ಎನ್ನುತ್ತೇನೆ. ಎಷ್ಟು ಘನ ಮೀಟರ್ ಕಾಂಕ್ರೀಟ್, ಎಷ್ಟು ಕಿಲೋ ಕಬ್ಬಿಣ, ಎಷ್ಟು ಚದರ ಮೀಟರ್ ಗಾರೆ ಎಂದು ನಕ್ಷೆ ಹಿಡಿದು ಎಣಿಸಿದ ಪಟ್ಟಿ. ಅದನ್ನೇ ಮೂವರಿಗೂ ಕೊಟ್ಟರೆ ಅವರು ತುಂಬಬೇಕಾದದ್ದು ದರ ಮಾತ್ರ. ಅಂಥ ಪಟ್ಟಿ ಇಲ್ಲದೆ ಆಗಲೇ ಕೊಟೇಶನ್ ಬಂದಿದ್ದರೂ ಒಂದು ಪರೀಕ್ಷೆ ಮಾಡಬಹುದು. ಒಂದೇ ಸ್ಟ್ರಕ್ಚರಲ್ ನಕ್ಷೆಯಿಂದ, ಅಂದರೆ ಕಂಬಿ ಕಾಂಕ್ರೀಟಿನ ವಿವರ ಇರುವ ನಕ್ಷೆಯಿಂದ, ಬರುವ ಕಬ್ಬಿಣದ ತೂಕ ಹೆಚ್ಚುಕಡಿಮೆ ಒಂದೇ ಇರಬೇಕು. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್ ಕಂಬಿಯ ತೂಕ ಕಿಲೋದಲ್ಲಿ ಸಿಗುತ್ತದೆ: 10 ಮಿ.ಮೀ. ಕಂಬಿಗೆ ಸುಮಾರು 0.62, 12ಕ್ಕೆ 0.89. ಕಂಬಿಗಳ ಉದ್ದವನ್ನು ನಕ್ಷೆಯಿಂದ ಲೆಕ್ಕ ಹಾಕಿ ತೆಗೆಯಬಹುದು. ಒಬ್ಬರ ತೂಕ ಉಳಿದವರಿಗಿಂತ ಬಹಳ ಕಡಿಮೆ ಬಂದಿದ್ದರೆ, ಅವರು ನಕ್ಷೆ ಸರಿಯಾಗಿ ನೋಡಿಲ್ಲ ಅಥವಾ ಬೇರೆಯೇ ರೀತಿ ಕಟ್ಟುವ ಯೋಚನೆಯಲ್ಲಿದ್ದಾರೆ. 150 ಮಿ.ಮೀ.ಗೊಂದರಂತೆ ಇಡಬೇಕಾದ ಕಂಬಿಯನ್ನು 200 ಮಿ.ಮೀ.ಗೊಂದು ಇಟ್ಟರೆ ನಾಲ್ಕರಲ್ಲಿ ಒಂದು ಕಂಬಿ ಕಡಿಮೆಯಾಗುತ್ತದೆ. ಕಾಂಕ್ರೀಟ್ ಸುರಿದ ಮೇಲೆ ಹೊರಗಿನಿಂದ ನೋಡಿ ಯಾರೂ ಹೇಳಲಾರರು. ಸ್ಲ್ಯಾಬಿನ ದಪ್ಪವೂ ಹಾಗೆಯೇ. 100 ಚದರ ಮೀಟರ್ ಸ್ಲ್ಯಾಬ್ 125 ಮಿ.ಮೀ. ದಪ್ಪವಿದ್ದರೆ 12.5 ಘನ ಮೀಟರ್ ಕಾಂಕ್ರೀಟ್ ಬೇಕು, 100 ಮಿ.ಮೀ. ಹಿಡಿದವರಿಗೆ 10 ಸಾಕು.

ಇನ್ನು ಕೊಟೇಶನ್ನಿನ ಭಾಷೆ. ‘ಉತ್ತಮ ಗುಣಮಟ್ಟದ’, ‘ಸ್ಟ್ಯಾಂಡರ್ಡ್’, ‘ಒಳ್ಳೆಯ ಕಂಪನಿಯ’, ‘ಅಥವಾ ಅದಕ್ಕೆ ಸಮನಾದ’ ಎಂಬ ಮಾತು ಕಂಡಲ್ಲೆಲ್ಲ ನಾನು ಕೆಂಪು ಗೆರೆ ಹಾಕುತ್ತೇನೆ. ವೈರಿನ ಅಡ್ಡಳತೆ ಎಷ್ಟು, ಪೈಪಿನ ಒತ್ತಡದ ದರ್ಜೆ ಯಾವುದು, ಬಾಗಿಲಿಗೆ ಯಾವ ಮರ, ಎಷ್ಟು ದಪ್ಪ, ಕಾಂಕ್ರೀಟ್ ಯಾವ ಗ್ರೇಡ್ (ಬಲದ ದರ್ಜೆ) ಎಂದು ಬರೆದಿದ್ದರೆ ಮಾತ್ರ ಅದು ವಿವರಣೆ. ‘ಸಮನಾದ’ ಎಂಬ ಪದ ಇಟ್ಟುಕೊಳ್ಳಲೇಬೇಕಾದರೆ ಸಮ ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು ಎಂಬುದನ್ನೂ ಬರೆಯಿರಿ.

ಟೈಲ್ಸ್, ದೀಪ, ನಲ್ಲಿ, ಅಡುಗೆಕೋಣೆಯ ಕಟ್ಟೆಕಲ್ಲು ಇವನ್ನು ಆಮೇಲೆ ಆರಿಸೋಣ ಎಂದು ಅಂದಾಜು ಮೊತ್ತ ಇಡುವುದು ಎಲ್ಲೆಡೆ ಇರುವ ಪದ್ಧತಿ, ತಪ್ಪೇನಿಲ್ಲ. ಆದರೆ ಆ ಮೊತ್ತವನ್ನು ಮೂವರಿಗೂ ನೀವೇ ಕೊಡಿ. ಅಂಗಡಿಗೆ ಒಮ್ಮೆ ಹೋಗಿ ನಿಮಗೆ ಹಿಡಿಸುವ ಸಾಮಾನಿನ ಬೆಲೆ ತಿಳಿದುಕೊಂಡು, ‘ಇಷ್ಟು ಇಟ್ಟು ಲೆಕ್ಕ ಹಾಕಿ’ ಎಂದು ಹೇಳಿ. ಆ ಮೊತ್ತದಲ್ಲಿ ಸಾಗಾಣಿಕೆ, ಕೂರಿಸುವ ಕೂಲಿ, ಕತ್ತರಿಸುವಾಗ ಹಾಳಾಗುವ ಪಾಲು ಸೇರಿದೆಯೇ ಎಂಬುದನ್ನೂ ಕೇಳಿ. ಟೈಲ್ಸ್‌ನಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಹೀಗೆ ಹೋಗುವುದು ಸಹಜ, ಓರೆಯಾಗಿ ಹಾಕಿಸಿದರೆ ಇನ್ನೂ ಹೆಚ್ಚು.

ತೀರಾ ಕಡಿಮೆ ಬೆಲೆ ಹೇಳಿದವರನ್ನೆಲ್ಲ ಮೋಸಗಾರರು ಎನ್ನಬೇಡಿ. 1971ರಲ್ಲಿ ಅಮೆರಿಕದ ಅಟ್ಲಾಂಟಿಕ್ ರಿಚ್‌ಫೀಲ್ಡ್ ತೈಲ ಕಂಪನಿಯ ಮೂವರು ಎಂಜಿನಿಯರುಗಳು, ಕೇಪನ್, ಕ್ಲ್ಯಾಪ್ ಮತ್ತು ಕ್ಯಾಂಪ್‌ಬೆಲ್, ಒಂದು ವಿಚಿತ್ರವನ್ನು ಗಮನಿಸಿ ಬರೆದರು. ಎಣ್ಣೆ ಇರುವ ಜಾಗದ ಹರಾಜಿನಲ್ಲಿ ಎಣ್ಣೆ ಎಷ್ಟಿದೆಯೆಂದು ಎಲ್ಲರದೂ ಅಂದಾಜೇ. ಗೆಲ್ಲುವವರು ಮಾತ್ರ ಸಾಮಾನ್ಯವಾಗಿ ಎಲ್ಲರಿಗಿಂತ ಹೆಚ್ಚು ಅಂದಾಜಿಸಿದವರು, ಹಾಗಾಗಿ ಗೆದ್ದ ಮೇಲೆ ನಷ್ಟ. ಗೆದ್ದವರ ಶಾಪ ಎಂದು ಆ ವಿದ್ಯಮಾನ ಹೆಸರಾಯಿತು. ಮನೆ ಗುತ್ತಿಗೆಯಲ್ಲಿ ಅದೇ ತಲೆಕೆಳಗಾಗಿ ನಡೆಯುತ್ತದೆ. ಖರ್ಚನ್ನು ಎಲ್ಲರಿಗಿಂತ ಕಡಿಮೆ ಅಂದಾಜಿಸಿದವರಿಗೆ ಕೆಲಸ ಸಿಗುತ್ತದೆ. ಆ ಮನುಷ್ಯ ಪ್ರಾಮಾಣಿಕರೇ ಇರಬಹುದು, ಒಂದು ಗೋಡೆ ಎಣಿಸಲು ಮರೆತಿರಬಹುದು. ಉಳಿದಿಬ್ಬರು ಒಬ್ಬರಿಗೊಬ್ಬರು ಹತ್ತಿರವಿದ್ದು ಒಬ್ಬರು ಮಾತ್ರ ಬಹಳ ಕೆಳಗಿದ್ದರೆ, ಅವರನ್ನು ಕರೆದು ಕೂರಿಸಿ ಲೆಕ್ಕವನ್ನು ಇನ್ನೊಮ್ಮೆ ನೋಡಲು ಹೇಳುತ್ತೇನೆ. ತಪ್ಪು ಸಿಕ್ಕಿದರೆ ತಿದ್ದಿಕೊಳ್ಳಲಿ. ಬೇರೆಯವರ ಮರೆವಿನ ಮೇಲೆ ಮನೆ ಕಟ್ಟುವ ಆಸೆ ನಮಗೆ ಬೇಡ, ಆ ನಷ್ಟವನ್ನು ಯಾರೂ ಕೊನೆಯವರೆಗೆ ಹೊತ್ತುಕೊಂಡು ಬರುವುದಿಲ್ಲ.

ಮೊತ್ತದಷ್ಟೇ ಗಮನ ಕೊಡಬೇಕಾದದ್ದು ಹಣ ಕೊಡುವ ಕಂತುಗಳಿಗೆ. ಹೆಚ್ಚಿನವರು ಈ ಪುಟವನ್ನು ಓದುವುದೇ ಇಲ್ಲ. ಕೆಲವು ಕೊಟೇಶನ್ನಿನಲ್ಲಿ ಪಾಯ ಮತ್ತು ಸ್ಲ್ಯಾಬಿನ ದರ ಹೆಚ್ಚಿಟ್ಟು, ಬಣ್ಣ ಮತ್ತು ನೆಲದ ದರ ಇಳಿಸಿರುತ್ತಾರೆ. ಒಟ್ಟು ಮೊತ್ತ ಬದಲಾಗುವುದಿಲ್ಲ, ಹಣ ಮಾತ್ರ ಮೊದಲೇ ಹರಿದುಹೋಗುತ್ತದೆ. ತಾರಸಿ ಮುಗಿದಾಗ ನಡೆದ ಕೆಲಸದ ಬೆಲೆ 100ಕ್ಕೆ 55, ನೀವು ಕೊಟ್ಟದ್ದು 70 ಎಂದಿಟ್ಟುಕೊಳ್ಳಿ. ಉಳಿದ ಕೆಲಸ 45ರಷ್ಟು, ನಿಮ್ಮ ಕೈಯಲ್ಲಿರುವುದು 30. ಆಗ ಮನಸ್ತಾಪವಾಗಿ ಅವರು ಬಿಟ್ಟುಹೋದರೆ ಬೇರೆ ಯಾರೂ 30ಕ್ಕೆ ಅದನ್ನು ಮುಗಿಸಿಕೊಡಲಾರರು. ನಾನು ನೋಡಿದ ಅರೆಬರೆ ನಿಂತ ಮನೆಗಳಲ್ಲಿ ಬಹುಪಾಲು ಹೀಗೇ ನಿಂತವು. ಅಂಥ ಒಂದು ಮನೆಯ ತೆರೆದ ಮೆಟ್ಟಿಲ ಮೇಲೆ ಕೂತು ಅತ್ತ ಹಿರಿಯರೊಬ್ಬರ ಮುಖ ನನಗೆ ಇಂದಿಗೂ ನೆನಪಿದೆ. ಕಂತುಗಳನ್ನು ಮುಗಿದ ಕೆಲಸಕ್ಕೆ ಕಟ್ಟಿ, ಪ್ರತಿ ಕಂತಿನಲ್ಲೂ ಸ್ವಲ್ಪ ಪಾಲು ತಡೆಹಿಡಿದು, ಮನೆ ಒಪ್ಪಿಸಿ ದೋಷ ಸರಿಪಡಿಸುವ ಅವಧಿ ಮುಗಿದ ಮೇಲೆ ಕೊಡುವುದು ಕಟ್ಟಡ ಲೋಕದ ಹಳೆಯ ರೂಢಿ. ಎರಡು ಕೊಟೇಶನ್ ಹತ್ತಿರ ಹತ್ತಿರ ಇದ್ದಾಗ ನಾನು ಕಂತು ಚೆನ್ನಾಗಿರುವುದರ ಕಡೆ ವಾಲುತ್ತೇನೆ.

ಕೆಲಸದ ಮಧ್ಯೆ ನಿಮ್ಮ ಮನಸ್ಸು ಬದಲಾಗುತ್ತದೆ. ಕಿಟಕಿ ದೊಡ್ಡದಾಗಲಿ, ಇಲ್ಲೊಂದು ಗೋಡೆ ಬೇಡ ಎನ್ನುತ್ತೀರಿ. ಅದಕ್ಕೆ ದರ ಯಾವುದು ಎಂದು ಈಗಲೇ ಕೇಳಿ, ಈಗ ಮೂವರು ಸ್ಪರ್ಧೆಯಲ್ಲಿದ್ದಾರೆ, ಆಗ ಒಬ್ಬರೇ ಇರುತ್ತಾರೆ. ತೆಗೆದುಹಾಕಿದ ಕೆಲಸಕ್ಕೆ ಎಷ್ಟು ಕಳೆಯುತ್ತಾರೆ ಎಂಬುದನ್ನೂ ಕೇಳಬೇಕು, ಆ ಪ್ರಶ್ನೆಯನ್ನು ಬಹಳ ಜನ ಮರೆಯುತ್ತಾರೆ.

ಅವಧಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕಾಂಕ್ರೀಟಿನ ಬಲವನ್ನು ಅಳೆಯುವುದು 28 ದಿನಕ್ಕೆ, ಕನಿಷ್ಠ ಒಂದು ವಾರ ಅದಕ್ಕೆ ನೀರುಣಿಸಲೇಬೇಕು, ಗಾರೆ ಒಣಗದೆ ಬಣ್ಣ ನಿಲ್ಲುವುದಿಲ್ಲ. ಉಳಿದವರಿಗಿಂತ ತೀರಾ ಕಡಿಮೆ ತಿಂಗಳಲ್ಲಿ ಮುಗಿಸುತ್ತೇನೆ ಎನ್ನುವವರು ಈ ದಿನಗಳನ್ನು ಎಲ್ಲಿ ಇಟ್ಟಿದ್ದಾರೆ ಎಂದು ತೋರಿಸಲಿ.

ಗುತ್ತಿಗೆದಾರರ ಹಳೆಯ ಕೆಲಸ ನೋಡಲು ಹೋಗುವಾಗ ಮುಗಿದ ಮನೆಗಿಂತ ನಡೆಯುತ್ತಿರುವ ಮನೆಗೆ ಹೋಗಿ. ಸಿಮೆಂಟ್ ಮೂಟೆ ನೆಲದ ತೇವ ತಾಗದಂತೆ ಇಟ್ಟಿದ್ದಾರೆಯೇ, ಕಾಂಕ್ರೀಟ್ ಸುರಿಯಲು ಕಟ್ಟಿದ ಸೆಂಟ್ರಿಂಗ್ ಹಲಗೆಗಳ ಸಂದಿಯಲ್ಲಿ ಸಿಮೆಂಟ್ ಹಾಲು ಸೋರಿದೆಯೇ, ಕಂಬಿಯ ಕೆಳಗೆ ಅದನ್ನು ಹಲಗೆಯಿಂದ ಎತ್ತಿ ಹಿಡಿಯುವ ಸಣ್ಣ ಕವರ್ ಬ್ಲಾಕ್ ಇದೆಯೇ, ಕೆಲಸದವರ ತಲೆ ಮೇಲೆ ಹೆಲ್ಮೆಟ್ ಇದೆಯೇ, ನೋಡಿ. ಮುಗಿದ ಮನೆಯವರನ್ನು ಭೇಟಿಯಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಮೊದಲು ಹೇಳಿದ ಮೊತ್ತಕ್ಕೂ ಕೊನೆಗೆ ಕೊಟ್ಟ ಮೊತ್ತಕ್ಕೂ ಎಷ್ಟು ವ್ಯತ್ಯಾಸವಾಯಿತು, ಏಕಾಯಿತು?

ಆ ದಂಪತಿ ಕೊನೆಗೆ ಎರಡನೆಯವರನ್ನು ಆರಿಸಿದರು. ಮೊದಲನೆಯವರಿಗೆ ಫೋನ್ ಮಾಡಿ ಯಾವ ಯಾವ ಕೆಲಸ ಬಿಟ್ಟುಹೋಗಿತ್ತು ಎಂದು ಹೇಳಲು ನಾನೇ ಸೂಚಿಸಿದೆ, ದಿನಗಟ್ಟಲೆ ಕೂತು ಲೆಕ್ಕ ಹಾಕಿಕೊಟ್ಟವರಿಗೆ ಅಷ್ಟು ತಿಳಿಯುವ ಹಕ್ಕಿದೆ. ಆಮೇಲೆ ಕರಾರಿಗೆ ನಮ್ಮ ಆ ದೊಡ್ಡ ಹಾಳೆಯನ್ನು ಶುದ್ಧ ಪ್ರತಿ ಮಾಡಿ ಸೇರಿಸಿದೆವು. ಪ್ರತಿ ನಕ್ಷೆಯ ಸಂಖ್ಯೆ, ತಿದ್ದುಪಡಿಯ ದಿನಾಂಕ, ಪ್ರಶ್ನೋತ್ತರಗಳ ಎಲ್ಲ ಪುಟ ಜೋಡಿಸಿ, ಒಂದೊಂದು ಪುಟಕ್ಕೂ ಎರಡೂ ಕಡೆಯವರು ರುಜು ಹಾಕಿದರು. ತೊಟ್ಟಿಯ ಸಾಲಿನ ಪಕ್ಕ ಆಕೆ ಪೆನ್ಸಿಲಿನಲ್ಲಿ ಹಾಕಿದ್ದ ಪ್ರಶ್ನಾರ್ಥಕ ಚಿಹ್ನೆಯನ್ನು ಅಲ್ಲೇ ಉಜ್ಜಿ ತೆಗೆದು, ಅಳತೆಯನ್ನು ಪೆನ್ನಿನಲ್ಲಿ ಬರೆದರು.