ಜಾಡು ಕೆಡಿಸುವುದು ಮಳೆಗಿಂತ ಹೆಚ್ಚು ಜನ

ದಾವಣಗೆರೆ ಪೊಲೀಸ್ ಶ್ವಾನದಳದ ಡಾಬರ್‌ಮನ್ ‘ತುಂಗಾ’ ಚನ್ನಗಿರಿ ತಾಲ್ಲೂಕಿನ ಕೊಲೆ ಪ್ರಕರಣವೊಂದರಲ್ಲಿ ಸುಮಾರು 12 ಕಿ.ಮೀ. ಓಡಿ ಆರೋಪಿಯ ಜಾಡು ಹಿಡಿದದ್ದು 2019ರ ಜುಲೈನಲ್ಲಿ. ಐದು ವರ್ಷದ ನಂತರ, ಅದೇ ತಾಲ್ಲೂಕಿನಲ್ಲಿ, ‘ತುಂಗಾ-2’ ರಾತ್ರಿ ಮಳೆಯಲ್ಲೇ ಸುಮಾರು 8 ಕಿ.ಮೀ. ಓಡಿತು. ಅದೂ ಜುಲೈ. ಕಾಕತಾಳೀಯವೇ ಇರಬಹುದು, ಆದರೆ ಮೂಗಿನ ಕೆಲಸಕ್ಕೆ ಹಸಿ ನೆಲ ಒದಗಿಬರುವುದಂತೂ ನಿಜ.

ನಡೆಯುವಾಗ ಮೈಯಿಂದ ಸತ್ತ ಚರ್ಮದ ಕಣಗಳು ಉದುರುತ್ತಲೇ ಇರುತ್ತವೆ. ಬೆವರು, ಜಿಡ್ಡು, ಅವನ್ನು ತಿಂದು ಬದುಕುವ ಬ್ಯಾಕ್ಟೀರಿಯಾ, ಕಾಲಡಿ ಜಜ್ಜಿದ ಹುಲ್ಲು, ಕೆದರಿದ ಮಣ್ಣು ಎಲ್ಲ ಕೂಡಿದ್ದೇ ಜಾಡು. ಅಡಿಕೆ ತೋಟದ ತಂಪಿನಲ್ಲಿ ಅದು ತಾಸುಗಟ್ಟಲೆ ಉಳಿಯುತ್ತದೆ. ಚಳ್ಳಕೆರೆ ಬಯಲಿನ ಏಪ್ರಿಲ್ ಬಿಸಿಲಲ್ಲಿ ಬೇಗ ಆರುತ್ತದೆ, ಗಾಳಿ ಪಕ್ಕಕ್ಕೆ ಒಯ್ಯುತ್ತದೆ. ಸೆಕೆಗೆ ಬಾಯಿ ತೆರೆದು ಏದುಸಿರು ಬಿಡುವ ನಾಯಿ ಸರಿಯಾಗಿ ಮೂಸಲಾರದು. ಜಡಿಮಳೆ ಜಾಡನ್ನು ತೊಳೆಯುತ್ತದೆ, ಜಿಟಿಜಿಟಿ ಮಳೆ ಅಷ್ಟೇನೂ ಕೆಡಿಸದು.

ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು 50–60 ಲಕ್ಷ. ನಾಯಿಗೆ 20 ಕೋಟಿಗೂ ಹೆಚ್ಚು. ಅದು ಸೆಕೆಂಡಿಗೆ ಐದಾರು ಸಲ ಮೂಸುತ್ತದೆ. ಬಿಟ್ಟ ಉಸಿರು ಮೂಗಿನ ಪಕ್ಕದ ಸೀಳಿನಿಂದ ಹೋಗುವುದರಿಂದ ಮುಂದಿನ ವಾಸನೆ ಕದಡುವುದಿಲ್ಲ. ಇಷ್ಟಿದ್ದರೂ ಆಸಾಮಿ ಯಾವ ದಿಕ್ಕಿಗೆ ಹೋದ ಎಂದು ತಿಳಿಯಲು ನಾಯಿಗೆ ಸಾಲಾಗಿ 5 ಹೆಜ್ಜೆಗಳಾದರೂ ಬೇಕೆಂದು ಪ್ರಯೋಗಗಳು ತೋರಿಸಿವೆ. ಒಂದು ಹೆಜ್ಜೆಗೂ ಮುಂದಿನದಕ್ಕೂ ಇರುವುದು ಅರೆಕ್ಷಣದ ಅಂತರ. ಆ ಅಂತರದಲ್ಲಿ ವಾಸನೆ ಎಷ್ಟು ಬದಲಾಗಿದೆ ಎಂಬುದರ ಮೇಲೆ ನಾಯಿ ದಿಕ್ಕು ಹಿಡಿಯುತ್ತದೆ.

ಹೆಣ ನೋಡಲು ಬಂದ ಊರಿನವರು ತುಳಿದಾಡಿದ ಮೇಲೆ ಆ ಐದು ಹೆಜ್ಜೆ ಎಲ್ಲಿ ಉಳಿದಾವು? ಆದ್ದರಿಂದ ಮೊದಲು ಬಂದ ಪೇದೆ ಮಾಡಬೇಕಾದ ಕೆಲಸ ಹಗ್ಗ ಕಟ್ಟುವುದು, ಎಲ್ಲರೂ ಓಡಾಡಲು ಒಂದೇ ದಾರಿ ಗೊತ್ತುಮಾಡುವುದು. ಬಿದ್ದ ಚಪ್ಪಲಿ, ಟವೆಲ್ಲನ್ನು ಬರಿಗೈಯಲ್ಲಿ ಎತ್ತಬಾರದು. ಎತ್ತಿದವನ ವಾಸನೆಯೂ ಸೇರುತ್ತದೆ. ವಸ್ತು ಅಲ್ಲೇ ಇರಬೇಕಾದರೆ ಅದರ ಮೇಲೆ ಗಾಯಕ್ಕೆ ಕಟ್ಟುವಂಥ ತೆಳುವಾದ ಶುಭ್ರ ಗಾಜ್ ಬಟ್ಟೆ ಹೊದಿಸಿ ಅರ್ಧ ಗಂಟೆ ಬಿಟ್ಟು, ಚಿಮಟದಿಂದ ತೆಗೆದು ಗಾಜಿನ ಬಾಟಲಿಗೆ ಹಾಕಿ ಮುಚ್ಚುತ್ತಾರೆ. ನಾಯಿಗೆ ಮೂಸಿಸುವುದು ಆ ಬಟ್ಟೆಯನ್ನು. ಆಮೇಲೆ ನಾಯಿಯನ್ನು ಪಳಗಿಸಿ ನಡೆಸುವ ಪೊಲೀಸ್, ಅಂದರೆ ಹ್ಯಾಂಡ್ಲರ್, ಉದ್ದ ಹಗ್ಗ ಸಡಿಲಬಿಟ್ಟು ಅದರ ಹಿಂದೆ ಓಡಬೇಕು. ಅವನಿಗೆ ಯಾರ ಮೇಲಾದರೂ ಅನುಮಾನವಿದ್ದರೆ ಅದು ಹಗ್ಗದ ಎಳೆತದಲ್ಲೇ ನಾಯಿಗೆ ದಾಟಿಬಿಡುತ್ತದೆ. ಜನರ ಕಾಲ್ತುಳಿತದಷ್ಟೇ ಕೆಟ್ಟ ದೋಷವಿದು, ಕಣ್ಣಿಗೆ ಮಾತ್ರ ಕಾಣುವುದಿಲ್ಲ.

ಪತ್ರಿಕೆಗಳು ‘ನಾಯಿ ಕೊಲೆಗಾರನನ್ನು ಹಿಡಿಯಿತು’ ಎಂದು ಬರೆಯುತ್ತವೆ. ನ್ಯಾಯಾಲಯ ಹಾಗೆ ಒಪ್ಪುವುದಿಲ್ಲ. ನಾಯಿ ಕಟಕಟೆ ಹತ್ತಿ ಸಾಕ್ಷಿ ಹೇಳದು, ಅದಕ್ಕೆ ಪಾಟಿ ಸವಾಲು ಹಾಕಲಾಗದು ಎಂಬ ಆಕ್ಷೇಪವನ್ನು ಸುಪ್ರೀಂ ಕೋರ್ಟ್ ಚರ್ಚಿಸಿದ್ದು ಬಹಳ ಹಿಂದೆ, ಕಳೆದ ಶತಮಾನದಲ್ಲೇ. ಹೀಗಾಗಿ ನಾಯಿ ನಿಂತ ಬಾಗಿಲಿನೊಳಗೆ ಹೋಗಿ ರಕ್ತದ ಬಟ್ಟೆ, ಆಯುಧ ಹುಡುಕಿ, ಪಂಚರ ಎದುರು ಮಹಜರು ಬರೆದು, ಸೀಲು ಹಾಕಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸುವುದು ಪೊಲೀಸರ ಪಾಲು.